ಸರ್ಕಾರದ ಖರೀದಿ, ವಿಕಲಚೇತನರ ದುಡಿಮೆ

ಅಮೆರಿಕದ ಅಂಚೆ ಕಚೇರಿಗಳ ಕೌಂಟರಿನಲ್ಲಿ, ಸೈನಿಕ ನೆಲೆಗಳಲ್ಲಿ, ಸರ್ಕಾರಿ ಗುಮಾಸ್ತರ ಮೇಜುಗಳ ಮೇಲೆ ದಶಕಗಳಿಂದ ಕಾಣಸಿಗುವ ಒಂದು ಕಪ್ಪು ಬಾಲ್‌ಪೆನ್ ಇದೆ. ಮೈಮೇಲೆ ಬಿಳಿ ಅಕ್ಷರಗಳಲ್ಲಿ ‘ಸ್ಕಿಲ್‌ಕ್ರಾಫ್ಟ್, ಯು.ಎಸ್. ಗವರ್ನಮೆಂಟ್’ ಎಂದು ಅಚ್ಚಾಗಿರುತ್ತದೆ. ಈ ಪೆನ್ನು ಹೇಗಿರಬೇಕು ಎಂದು ಹೇಳಲು ಸರ್ಕಾರ 16 ಪುಟಗಳ ವಿವರಣೆ ಬರೆಯಿತು. ಸುಮಾರು ಒಂದೂವರೆ ಕಿಲೋಮೀಟರ್ ಉದ್ದದ ಗೆರೆಯನ್ನು ನಿಲ್ಲದೆ ಎಳೆಯಬೇಕು. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ 71 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲೂ ಬರೆಯಬೇಕು. ಶಾಯಿ ಕಲೆ ಎಷ್ಟು ದೂರಕ್ಕೆ ಎಷ್ಟು ಬೀಳಬಹುದು ಎಂಬುದಕ್ಕೂ ಲೆಕ್ಕವಿದೆ. ಇಷ್ಟು ಕಟ್ಟುನಿಟ್ಟಿನ ಪೆನ್ನಿನ ಬಿಡಿಭಾಗಗಳನ್ನು ಜೋಡಿಸುತ್ತ ಬಂದವರು ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊ ಮತ್ತು ವಿಸ್ಕಾನ್ಸಿನ್‌ನ ಮಿಲ್ವಾಕಿ ನಗರಗಳ ಕಾರ್ಖಾನೆಗಳ ಅಂಧ ಕಾರ್ಮಿಕರು. ಸ್ಪ್ರಿಂಗು, ರೀಫಿಲ್ಲು, ಕೊಳವೆ ಎಲ್ಲವೂ ಅವರ ಬೆರಳುಗಳಿಗೆ ಗೊತ್ತು.

ಆ ಪೆನ್ನು ಅವರ ಕೈಗೆ ಆಕಸ್ಮಿಕವಾಗಿ ಬಂದದ್ದಲ್ಲ. ಸರ್ಕಾರ ತನಗೆ ಬೇಕಾದ ಸರಕನ್ನೋ ಸೇವೆಯನ್ನೋ ಹೇಗೂ ಯಾರಿಂದಲೋ ಕೊಳ್ಳಲೇಬೇಕು. ಆ ಖರೀದಿಯ ಒಂದು ಪಾಲನ್ನು ವಿಕಲಚೇತನರು ದುಡಿಯುವ ಸಂಸ್ಥೆಗಳಿಗೆ ಮೀಸಲಿಟ್ಟರೆ ಸರಕೂ ಸಿಗುತ್ತದೆ, ಉದ್ಯೋಗವೂ ಹುಟ್ಟುತ್ತದೆ ಎಂಬ ವಿಚಾರ ಅದರ ಹಿಂದಿದೆ. ಹಲವು ದೇಶಗಳು ಇದನ್ನು ಕೈಗೆತ್ತಿಕೊಂಡಿವೆ. ಅಮೆರಿಕದ ಏರ್ಪಾಟು ಅವುಗಳಲ್ಲಿ ದೊಡ್ಡದು, ದೀರ್ಘಕಾಲ ನಡೆದು ಬಂದದ್ದು, ಹೆಚ್ಚು ಚರ್ಚೆಗೆ ಒಳಗಾದದ್ದು. ಇಂದು ಅದಕ್ಕೆ ‘ಎಬಿಲಿಟಿ ಒನ್’ ಎಂದು ಹೆಸರು. 2020ರ ದಶಕದ ಆರಂಭದಲ್ಲಿ ಸುಮಾರು 450 ಲಾಭರಹಿತ ಸಂಸ್ಥೆಗಳು, ಸುಮಾರು 40,000 ಅಂಧ ಹಾಗೂ ಇತರ ತೀವ್ರ ವೈಕಲ್ಯವುಳ್ಳ ಕೆಲಸಗಾರರು, ವರ್ಷಕ್ಕೆ ಸುಮಾರು 400 ಕೋಟಿ ಡಾಲರಿನ ಗುತ್ತಿಗೆ ಅದರ ವ್ಯಾಪ್ತಿಯಲ್ಲಿದ್ದವು.

ಇದರ ಕತೆ ಶುರುವಾಗುವುದು ಪೊರಕೆಯಿಂದ. ಬಾಸ್ಟನ್ನಿನ ಪರ್ಕಿನ್ಸ್ ಅಂಧರ ಶಾಲೆಯನ್ನು ಕಟ್ಟಿದ ಸ್ಯಾಮ್ಯುಯೆಲ್ ಗ್ರಿಡ್ಲಿ ಹೌ 1840ರ ಸುಮಾರಿಗೆ, ಓದು ಮುಗಿಸಿಯೂ ಎಲ್ಲೂ ಕೆಲಸ ಸಿಗದ ಅಂಧರಿಗಾಗಿ ಒಂದು ಕಾರ್ಯಾಗಾರ ತೆರೆದರು. ಪೊರಕೆ ಕಟ್ಟುವುದು, ಹಾಸಿಗೆ ತುಂಬುವುದು, ಕುರ್ಚಿಗೆ ಬೆತ್ತ ಹೆಣೆಯುವುದು ಅಂಧರ ಕಸುಬುಗಳೆಂದು ನೆಲೆಯೂರಿದವು. ಆಮೇಲೆ ದೇಶದ ಊರೂರಿನಲ್ಲೂ ಇಂಥ ಕಾರ್ಯಾಗಾರಗಳು ಎದ್ದವು. ಆದರೆ ಪೊರಕೆಯನ್ನು ಕಾರ್ಖಾನೆಯ ಯಂತ್ರ ಅಗ್ಗವಾಗಿ ಕಟ್ಟುತ್ತಿತ್ತು, ಜೈಲುಗಳಲ್ಲಿ ಕೈದಿಗಳು ಇನ್ನೂ ಅಗ್ಗವಾಗಿ ಕಟ್ಟುತ್ತಿದ್ದರು. 1930ರ ದಶಕದ ಆರ್ಥಿಕ ಮುಗ್ಗಟ್ಟು ಬಂದಾಗ ಕಣ್ಣಿದ್ದವರಿಗೇ ಕೆಲಸವಿಲ್ಲದ ಸ್ಥಿತಿ. ಅಂಧರು ಕಟ್ಟಿದ ಪೊರಕೆಗೆ ಕೊಳ್ಳುವವರೇ ಇರಲಿಲ್ಲ.

1936ರಲ್ಲಿ ರ‍್ಯಾಂಡಾಲ್ಫ್–ಶೆಪರ್ಡ್ ಕಾಯ್ದೆ ಬಂದು, ಕೇಂದ್ರ ಸರ್ಕಾರದ ಕಟ್ಟಡಗಳಲ್ಲಿ ಅಂಗಡಿ ಇಡಲು ಅಂಧರಿಗೆ ಅವಕಾಶ ಕೊಟ್ಟಿತು. ಅದು ಸ್ವಂತ ವ್ಯಾಪಾರಕ್ಕೆ ದಾರಿ, ಕಾರ್ಯಾಗಾರಗಳ ಕಷ್ಟ ಅದರಿಂದ ನೀಗಲಿಲ್ಲ. ಅಮೆರಿಕನ್ ಅಂಧರ ಪ್ರತಿಷ್ಠಾನದ ಮುಖ್ಯಸ್ಥ ಎಂ.ಸಿ. ಮೀಗಲ್ ಮತ್ತು ಅದೇ ಸಂಸ್ಥೆಯ ರಾಬರ್ಟ್ ಇರ್ವಿನ್ ವಾಷಿಂಗ್ಟನ್ನಿಗೆ ಎಡತಾಕಿದರು. ಇರ್ವಿನ್ ಸ್ವತಃ ಅಂಧರು. ಸರ್ಕಾರದ ಕಚೇರಿ, ಸೇನೆ, ಆಸ್ಪತ್ರೆಗಳಿಗೆ ಪೊರಕೆ ಮತ್ತು ನೆಲ ಒರೆಸುವ ಮಾಪ್ ರಾಶಿರಾಶಿಯಾಗಿ ಬೇಕು. ಅವನ್ನು ನಮ್ಮಿಂದ ಕೊಳ್ಳಿ, ದಾನ ಬೇಡ ಎಂಬುದು ಅವರ ಬೇಡಿಕೆಯ ತಿರುಳು. ನ್ಯೂಯಾರ್ಕಿನ ಸೆನೆಟರ್ ರಾಬರ್ಟ್ ವ್ಯಾಗ್ನರ್ ಮತ್ತು ಅದೇ ರಾಜ್ಯದ ಸಂಸದೆ ಕ್ಯಾರೊಲಿನ್ ಓ’ಡೇ ಮಸೂದೆ ಮಂಡಿಸಿದರು. ವ್ಯಾಗ್ನರ್ ಹೆಸರು ಆಗಲೇ 1935ರ ಕಾರ್ಮಿಕ ಸಂಘಟನಾ ಕಾಯ್ದೆಯಿಂದ ಮನೆಮಾತಾಗಿತ್ತು. ಓ’ಡೇ ಅವರು ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್ ಅವರ ಆಪ್ತ ಗೆಳತಿ.

1938ರ ಜೂನ್ 25ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ವ್ಯಾಗ್ನರ್–ಓ’ಡೇ ಕಾಯ್ದೆಗೆ ಸಹಿ ಹಾಕಿದರು. ಅಧಿವೇಶನ ಮುಗಿದಿತ್ತು, ಬಾಕಿ ಮಸೂದೆಗಳು ಬಿದ್ದುಹೋಗಬಾರದೆಂದು ಆ ಒಂದೇ ದಿನ ಅವರು 121 ಮಸೂದೆಗಳಿಗೆ ಸಹಿ ಮಾಡಿದರು. ಆ ರಾಶಿಯಲ್ಲಿ ಇನ್ನೊಂದು ದೊಡ್ಡ ಕಾಯ್ದೆಯೂ ಇತ್ತು. ಗಂಟೆಗೆ ಕನಿಷ್ಠ 25 ಸೆಂಟ್ ಕೂಲಿ ಕೊಡಬೇಕೆಂದು ವಿಧಿಸಿದ ನ್ಯಾಯಯುತ ದುಡಿಮೆ ಮಾನದಂಡಗಳ ಕಾಯ್ದೆ ಅದು. ಅದರ 14ನೆಯ ಸೆಕ್ಷನ್ ಮಾತ್ರ, ವೈಕಲ್ಯದಿಂದ ದುಡಿಮೆಯ ಸಾಮರ್ಥ್ಯ ಕುಗ್ಗಿದವರಿಗೆ ವಿಶೇಷ ಪರವಾನಗಿ ಪಡೆದು ಕನಿಷ್ಠಕ್ಕಿಂತ ಕಡಿಮೆ ಕೂಲಿ ಕೊಡಬಹುದು ಎಂದಿತು. ಒಂದು ಕಾಯ್ದೆ ಅಂಧ ಕಾರ್ಮಿಕನಿಗೆ ಸರ್ಕಾರವನ್ನೇ ಗಿರಾಕಿಯಾಗಿ ಕೊಟ್ಟಿತು, ಇನ್ನೊಂದು ಅವನ ಕೂಲಿಯ ತಳವನ್ನು ತೆಗೆಯಿತು. ಮುಂದಿನ ಎಂಟು ದಶಕಗಳ ಜಗಳಕ್ಕೆ ಬೀಜ ಬಿದ್ದದ್ದು ಆ ದಿನವೇ.

ವ್ಯಾಗ್ನರ್–ಓ’ಡೇ ಕಾಯ್ದೆ ಅಂಧರು ತಯಾರಿಸಿದ ಸರಕುಗಳ ಖರೀದಿಗೆ ಒಂದು ಸಮಿತಿ ರಚಿಸಿತು. ಬೇಡಿಕೆಗಳನ್ನು ಊರೂರಿನ ಕಾರ್ಯಾಗಾರಗಳಿಗೆ ಹಂಚಲು ಅದೇ ವರ್ಷ ‘ನ್ಯಾಷನಲ್ ಇಂಡಸ್ಟ್ರೀಸ್ ಫಾರ್ ದಿ ಬ್ಲೈಂಡ್’ ಎಂಬ ಲಾಭರಹಿತ ಸಂಸ್ಥೆ ಹುಟ್ಟಿತು. ಮೂರು ವರ್ಷ ಕಳೆಯುವಷ್ಟರಲ್ಲಿ ಅಮೆರಿಕ ಮಹಾಯುದ್ಧಕ್ಕೆ ಇಳಿಯಿತು. ಹಡಗುಗಳಿಗೆ ಮಾಪ್, ಬ್ಯಾರಕ್ಕುಗಳಿಗೆ ಪೊರಕೆ ಎಷ್ಟು ಕಟ್ಟಿದರೂ ಸಾಲದಾಯಿತು. ಮಾರುಕಟ್ಟೆಯಿಲ್ಲದೆ ಸೊರಗಿದ್ದ ಕಾರ್ಯಾಗಾರಗಳು ಎದ್ದು ನಿಂತವು. ಸ್ಕಿಲ್‌ಕ್ರಾಫ್ಟ್ ಎಂಬ ಮಾರ್ಕು ಬಂದದ್ದು ಯುದ್ಧದ ಆಮೇಲೆ, 1952ರಲ್ಲಿ.

ಬೇಡಿಕೆ ಬೆಳೆದಂತೆ ಕೂಲಿಯ ಪ್ರಶ್ನೆ ಕಾವೇರಿತು. 14ನೆಯ ಸೆಕ್ಷನ್ನಿನ ಲೆಕ್ಕ ಹೀಗೆ: ವೈಕಲ್ಯವಿಲ್ಲದ ಒಬ್ಬ ಕೆಲಸಗಾರ ಗಂಟೆಗೆ ಎಷ್ಟು ಮಾಡುತ್ತಾನೆಂದು ಗಡಿಯಾರ ಹಿಡಿದು ಅಳೆಯುವುದು, ವಿಕಲಚೇತನ ಅದರಲ್ಲಿ ಎಷ್ಟು ಪಾಲು ಮಾಡುತ್ತಾನೋ ಅಷ್ಟೇ ಪಾಲು ಕೂಲಿ ಕೊಡುವುದು. ಒಂದು ಕಾಲಕ್ಕೆ ಇದಕ್ಕೊಂದು ಕೆಳಮಿತಿಯಿತ್ತು. 1986ರಲ್ಲಿ ಸಂಸತ್ತು ಅದನ್ನೂ ತೆಗೆದುಹಾಕಿತು. ಯಂತ್ರ ಹಳೆಯದಾಗಿದ್ದರೆ, ಮೇಜಿನ ಎತ್ತರ ಕೂರುವವನಿಗೆ ಹೊಂದದಿದ್ದರೆ, ಕೆಲಸ ಕಲಿಸಿದ್ದೇ ಅರೆಬರೆಯಾಗಿದ್ದರೆ ಅದು ಆ ಗಡಿಯಾರಕ್ಕೆ ಕಾಣುವುದಿಲ್ಲ. ನಿಧಾನದ ಹೊಣೆಯೆಲ್ಲ ಕೆಲಸಗಾರನ ದೇಹದ ಮೇಲೆ ಬೀಳುತ್ತದೆ.

ಇದನ್ನು ಮೊದಲು ಎತ್ತಿ ಆಡಿದವರು ಅಂಧರೇ. 1940ರಲ್ಲಿ ಪೆನ್ಸಿಲ್ವೇನಿಯಾದ ವಿಲ್ಕ್ಸ್-ಬ್ಯಾರಿಯಲ್ಲಿ ಜೇಕೋಬಸ್ ಟೆನ್‌ಬ್ರೂಕ್ ಎಂಬ ಅಂಧ ವಿದ್ವಾಂಸರ ನೇತೃತ್ವದಲ್ಲಿ ರಾಷ್ಟ್ರೀಯ ಅಂಧರ ಒಕ್ಕೂಟ ಸ್ಥಾಪನೆಯಾಯಿತು. ಅಂಧರಿಗಾಗಿ ಕೆಲಸ ಮಾಡುವ ಸಂಸ್ಥೆಗಳು ಬೇಕಾದಷ್ಟಿದ್ದವು. ಅಂಧರೇ ಕಟ್ಟಿ ಅಂಧರೇ ನಡೆಸುವ ರಾಷ್ಟ್ರಮಟ್ಟದ ಸಂಘಟನೆ ಬೇಕು ಎಂಬುದು ಅವರ ಹಟ. ಕಾರ್ಯಾಗಾರದಲ್ಲಿ ದುಡಿಯುವವನು ಅಲ್ಲಿನ ಆಶ್ರಿತನಲ್ಲ, ನೌಕರ ಎಂದು ಒಕ್ಕೂಟ ವಾದಿಸಿತು. 1960ರಲ್ಲಿ ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಮಂಡಳಿ ಇಂಥ ಕಾರ್ಯಾಗಾರಗಳ ವಿಷಯಕ್ಕೆ ತಾನು ಕೈಹಾಕುವುದಿಲ್ಲ ಎಂದಿತ್ತು. 1976ರಲ್ಲಿ ಷಿಕಾಗೋದ ಅಂಧರ ಸಂಸ್ಥೆಯೊಂದರ ಪ್ರಕರಣದಲ್ಲಿ ನಿಲುವು ಬದಲಿಸಿ, ಅಲ್ಲಿನ ಕೆಲಸಗಾರರೂ ಸಂಘ ಕಟ್ಟಬಹುದೆಂದು ಒಪ್ಪಿತು.

ಈ ನಡುವೆ ಕಾಯ್ದೆಯ ಬಾಗಿಲು ಅಗಲವಾಯಿತು. ನ್ಯೂಯಾರ್ಕಿನ ಮತ್ತೊಬ್ಬ ಸೆನೆಟರ್ ಜೇಕಬ್ ಜಾವಿಟ್ಸ್ ತಂದ ತಿದ್ದುಪಡಿ 1971ರಲ್ಲಿ ಜಾರಿಗೆ ಬಂತು. ಅಂಧರ ಜೊತೆಗೆ ಇತರ ತೀವ್ರ ವೈಕಲ್ಯವುಳ್ಳವರೂ ಒಳಗೆ ಬಂದರು, ಸರಕಿನ ಜೊತೆ ಸೇವೆಗಳೂ ಸೇರಿದವು. ಕಾಯ್ದೆಗೆ ಜಾವಿಟ್ಸ್–ವ್ಯಾಗ್ನರ್–ಓ’ಡೇ ಎಂಬ ಉದ್ದನೆಯ ಹೆಸರು ನಿಂತಿತು. ಎಂಟು ವರ್ಷದ ನಂತರ ಜಾವಿಟ್ಸ್ ಅವರಿಗೇ ಸ್ನಾಯುಗಳು ಒಂದೊಂದಾಗಿ ಸೋಲುವ ನರರೋಗ ತಗಲಿತು. 1986ರಲ್ಲಿ ತೀರಿಕೊಳ್ಳುವವರೆಗೆ ಅವರು ಗಾಲಿಕುರ್ಚಿಯಲ್ಲಿ ಕುಳಿತೇ ಸಾರ್ವಜನಿಕ ಜೀವನದಲ್ಲಿ ಮಾತಾಡುತ್ತ ಉಳಿದರು. ಹೊಸದಾಗಿ ಸೇರಿದವರಿಗಾಗಿ 1974ರಲ್ಲಿ ಎರಡನೆಯ ಕೇಂದ್ರ ಸಂಸ್ಥೆಯೊಂದು ಸ್ಥಾಪನೆಯಾಯಿತು. 2013ರಿಂದ ಅದರ ಹೆಸರು ‘ಸೋರ್ಸ್ ಅಮೆರಿಕ’. ಇಡೀ ಕಾರ್ಯಕ್ರಮಕ್ಕೆ ಎಬಿಲಿಟಿ ಒನ್ ಎಂಬ ಹೆಸರು ಬಂದದ್ದು 2006ರಲ್ಲಿ.

ಏರ್ಪಾಟಿನ ಜೀವಾಳ ‘ಖರೀದಿ ಪಟ್ಟಿ’. ಮೇಲ್ವಿಚಾರಣೆಗೆ 15 ಸದಸ್ಯರ ಆಯೋಗವಿದೆ. 11 ಮಂದಿ ಸರ್ಕಾರದ ಬೇರೆಬೇರೆ ಇಲಾಖೆಗಳಿಂದ, ನಾಲ್ವರು ಹೊರಗಿನ ನಾಗರಿಕರು. ಒಂದು ಸರಕನ್ನೋ ಸೇವೆಯನ್ನೋ ವಿಕಲಚೇತನರ ಸಂಸ್ಥೆ ಒದಗಿಸಬಲ್ಲದೆಂದು ಆಯೋಗಕ್ಕೆ ಮನವರಿಕೆಯಾದರೆ ಅದು ಪಟ್ಟಿಗೆ ಸೇರುತ್ತದೆ. ಸೇರಿದ ಮೇಲೆ ಆ ಸರಕು ಬೇಕಾದ ಇಲಾಖೆ ಟೆಂಡರ್ ಕರೆಯುವಂತಿಲ್ಲ, ಪಟ್ಟಿಯಲ್ಲಿ ಹೆಸರಿಸಿದ ಸಂಸ್ಥೆಯಿಂದಲೇ ಕೊಳ್ಳಬೇಕು. ಬೆಲೆಯನ್ನು ‘ನ್ಯಾಯವಾದ ಮಾರುಕಟ್ಟೆ ದರ’ ಎಂದು ಆಯೋಗವೇ ಗೊತ್ತುಮಾಡುತ್ತದೆ. ಕೇಂದ್ರ ಸಂಸ್ಥೆಗಳೆರಡೂ ಗುತ್ತಿಗೆಯ ಮೊತ್ತದಲ್ಲಿ ಶೇ. 4ಕ್ಕೆ ಮೀರದ ಶುಲ್ಕ ಪಡೆದು ನಡೆಯುತ್ತವೆ. ಸರಕಿನ ವಿಷಯದಲ್ಲಿ ಮೊದಲಿನಿಂದಲೂ ಒಂದು ಸರದಿಯಿತ್ತು: ಮೊದಲ ಆದ್ಯತೆ ಕೇಂದ್ರ ಕಾರಾಗೃಹಗಳ ಉದ್ದಿಮೆಗೆ, ಎರಡನೆಯದು ವಿಕಲಚೇತನರ ಸಂಸ್ಥೆಗಳಿಗೆ. ಜೈಲಿನ ಪೊರಕೆ ಕಾಯ್ದೆಯೊಳಗೂ ಒಂದು ಹೆಜ್ಜೆ ಮುಂದೆಯೇ ಉಳಿಯಿತು.

ಕೆಲಸದ ಬಗೆ ಈಗ ಪೊರಕೆಯಿಂದ ಬಹುದೂರ ಬಂದಿದೆ. ಉತ್ತರ ಕೆರೊಲಿನಾದ ವಿನ್‌ಸ್ಟನ್-ಸೇಲಂನಲ್ಲಿ 1936ರಲ್ಲಿ ಆರಂಭವಾದ ಅಂಧರ ಕಾರ್ಖಾನೆ ಹಾಸಿಗೆ ಹೊಲಿಯುತ್ತಲೇ ಸೇನೆಯ ಉಡುಪಿಗೆ, ಆಮೇಲೆ ಕನ್ನಡಕದ ಮಸೂರ ಉಜ್ಜುವುದಕ್ಕೆ ಇಳಿಯಿತು. ಸಿಯಾಟಲ್‌ನ ‘ಲೈಟ್‌ಹೌಸ್’ ಸಂಸ್ಥೆಯ ಯಂತ್ರಶಾಲೆಯಲ್ಲಿ ಕಣ್ಣೂ ಕಿವಿಯೂ ಎರಡೂ ಇಲ್ಲದ ಕೆಲಸಗಾರರು ಒಬ್ಬರ ಅಂಗೈಯಲ್ಲಿ ಇನ್ನೊಬ್ಬರು ಸಂಜ್ಞೆ ಮೂಡಿಸಿ ಮಾತಾಡಿಕೊಳ್ಳುತ್ತಾರೆ. ಆ ಸಂಸ್ಥೆ ಸರ್ಕಾರದ ಆಸರೆಯಷ್ಟನ್ನೇ ನಂಬಿ ಕೂರಲಿಲ್ಲ, 1951ರಿಂದ ಬೋಯಿಂಗ್ ಕಂಪನಿಗೆ ವಿಮಾನದ ಬಿಡಿಭಾಗಗಳನ್ನೂ ಮಾಡಿಕೊಡುತ್ತಿದೆ. ಆದರೂ ಒಟ್ಟಾರೆ ಹಣದ ದೊಡ್ಡ ಪಾಲು ಇಂದು ಸೇವೆಗಳದ್ದು: ಸೈನಿಕ ನೆಲೆಗಳ ಊಟದ ಮನೆ, ಕಚೇರಿ ಶುಚಿ ಮಾಡುವುದು, ಅಂಚೆ ವಿಂಗಡಣೆ, ಉಗ್ರಾಣ, ಹುಲ್ಲುಹಾಸು, ಕಟ್ಟಡಗಳ ದುರಸ್ತಿ. 1966ರಲ್ಲಿ ಕ್ಯಾಲಿಫೋರ್ನಿಯಾದ ಚರ್ಚೊಂದರ ನೆಲಮಾಳಿಗೆಯಲ್ಲಿ, ಬುದ್ಧಿಮಾಂದ್ಯತೆಯುಳ್ಳ ಮಕ್ಕಳ ತಾಯ್ತಂದೆಯರು ಕೂಡಿ ಆರಂಭಿಸಿದ ‘ಪ್ರೈಡ್ ಇಂಡಸ್ಟ್ರೀಸ್’ ಟೆಕ್ಸಾಸಿನ ಫೋರ್ಟ್ ಬ್ಲಿಸ್‌ನಂಥ ವಿಶಾಲ ಸೈನಿಕ ನೆಲೆಯ ನಿರ್ವಹಣೆಯ ಗುತ್ತಿಗೆ ಹಿಡಿಯುವ ಮಟ್ಟಕ್ಕೆ ಬೆಳೆಯಿತು. ಮಗು ತಮ್ಮ ಕಾಲಾನಂತರ ಹೇಗೆ ಬದುಕುತ್ತದೆ ಎಂದು ನಿದ್ದೆಗೆಟ್ಟ ತಾಯ್ತಂದೆಯರಿಂದ ಹುಟ್ಟಿದ ಇಂಥ ಸಂಸ್ಥೆಗಳು ಈ ಪಟ್ಟಿಯಲ್ಲಿ ಅನೇಕ.

ಇನ್ನು ಕಾಯ್ದೆಯ ಅತಿ ಮುಖ್ಯ ಅಂಕಿ: 75. ಒಂದು ಸಂಸ್ಥೆ ಕಾರ್ಯಕ್ರಮದಲ್ಲಿ ಉಳಿಯಬೇಕಾದರೆ, ಅಲ್ಲಿನ ‘ನೇರ ದುಡಿಮೆ’ಯ ಒಟ್ಟು ಗಂಟೆಗಳಲ್ಲಿ ಕನಿಷ್ಠ ಶೇ. 75ರಷ್ಟನ್ನು ಅಂಧರು ಅಥವಾ ತೀವ್ರ ವೈಕಲ್ಯವುಳ್ಳವರು ದುಡಿದಿರಬೇಕು. ವಿಕಲಚೇತನರ ಹೆಸರಿನಲ್ಲಿ ಬೇರೆಯವರು ಗುತ್ತಿಗೆ ನುಂಗದಿರಲಿ ಎಂಬ ಸದುದ್ದೇಶದ ಬೇಲಿ ಇದು. ನೇರ ದುಡಿಮೆ ಎಂದರೆ ಸರಕನ್ನು ಕೈಯಾರೆ ಮಾಡುವ, ಸೇವೆಯನ್ನು ಕೈಯಾರೆ ಸಲ್ಲಿಸುವ ಕೆಲಸ. ಮೇಲ್ವಿಚಾರಣೆ, ಆಡಳಿತ, ಲೆಕ್ಕಪತ್ರ, ತಪಾಸಣೆ ಇದರಲ್ಲಿ ಸೇರುವುದಿಲ್ಲ.

ಹೊಲಿಗೆ ಯಂತ್ರದ ಮುಂದೆ ಕೂತ ಒಬ್ಬ ಅಂಧ ಹೆಣ್ಣುಮಗಳನ್ನು ನೆನೆಯೋಣ. ಹತ್ತು ವರ್ಷ ದುಡಿದು ಕೆಲಸದ ಒಳಹೊರಗೆಲ್ಲ ಕಲಿತಿದ್ದಾಳೆ, ಸಾಲಿನ ಮೇಲ್ವಿಚಾರಕಿಯಾಗಲು ಎಲ್ಲ ಅರ್ಹತೆಯೂ ಇದೆ. ಅವಳಿಗೆ ಬಡ್ತಿ ಕೊಟ್ಟ ದಿನವೇ ಅವಳ ಗಂಟೆಗಳು ಶೇ. 75ರ ಲೆಕ್ಕದಿಂದ ಹೊರಗೆ ಬೀಳುತ್ತವೆ. ಹೊರಗಿನ ಕಂಪನಿಯೊಂದು ಅವಳನ್ನು ಒಳ್ಳೆಯ ಸಂಬಳಕ್ಕೆ ಕರೆದುಕೊಂಡರೂ ಸಂಸ್ಥೆಗೆ ಅದೇ ನಷ್ಟ. ನುರಿತವಳು ಯಂತ್ರದ ಮುಂದೆಯೇ ಕೂತಿರುವುದು ಸಂಸ್ಥೆಯ ಉಳಿವಿಗೆ ಅನುಕೂಲ. ಸಂಸ್ಥೆಯ ಮುಖ್ಯಸ್ಥರು ಎಷ್ಟೇ ಒಳ್ಳೆಯವರಾಗಿದ್ದರೂ ಈ ಅಂಕಿ ಅವರನ್ನು ಆ ಕಡೆಗೇ ಎಳೆಯುತ್ತದೆ. ಕಾಯ್ದೆ ಎಣಿಸುವುದು ಕೈಗಳ ಗಂಟೆಯನ್ನು, ಮನುಷ್ಯರ ಏಳಿಗೆಯನ್ನಲ್ಲ. ಎಬಿಲಿಟಿ ಒನ್ ಬಗೆಗಿನ ಮುಖ್ಯ ತಕರಾರುಗಳನ್ನು ಬೆನ್ನುಹತ್ತಿ ಹೋದರೆ ಬಹುಪಾಲು ಇಲ್ಲಿಗೇ ಬಂದು ಮುಟ್ಟುತ್ತವೆ.

ಇದೇ ಅಂಕಿಗೆ ಎರಡನೆಯ ತೊಡಕೂ ಇದೆ. ನಾಲ್ವರಲ್ಲಿ ಮೂವರು ವಿಕಲಚೇತನರೇ ಇರಬೇಕೆಂದರೆ ಅದು ಉಳಿದ ಸಮಾಜದಿಂದ ಬೇರೆಯಾದ ಕೆಲಸದ ಜಾಗವೇ ಆಗುತ್ತದೆ. 2014ರಲ್ಲಿ ಬಂದ ಕಾರ್ಮಿಕ ಕೌಶಲ್ಯ ಹಾಗೂ ಅವಕಾಶಗಳ ಕಾಯ್ದೆ ವಿಕಲಚೇತನರು ಎಲ್ಲರೊಡನೆ ಬೆರೆತು, ಎಲ್ಲರಷ್ಟೇ ಕೂಲಿ ಪಡೆಯುವ ಉದ್ಯೋಗವನ್ನೇ ಗುರಿಯಾಗಿ ಇಟ್ಟಿತು. ಒಂದೇ ಸರ್ಕಾರದ ಎರಡು ಕಾಯ್ದೆಗಳು ಎರಡು ದಿಕ್ಕಿಗೆ ಮುಖ ಮಾಡಿದವು. ‘ತೀವ್ರ ವೈಕಲ್ಯ’ದ ವ್ಯಾಖ್ಯೆಯೂ ಹೊರಗಿನ ಸಾಮಾನ್ಯ ಉದ್ಯೋಗ ಮಾಡಲಾರದವರು ಎಂದೇ ಇದೆ. ಕೆಲಸ ಸಿಗಬೇಕಾದರೆ ತಾನು ಕೆಲಸಕ್ಕೆ ಆಗದವನೆಂದು ಕಾಗದದ ಮೇಲೆ ಸಾಬೀತಾಗಬೇಕು.

ಬೇಲಿ ಹಾರಿದವರೂ ಇದ್ದರು. ಟೆಕ್ಸಾಸಿನ ಎಲ್ ಪಾಸೋದಲ್ಲಿ ಸೇನೆಗೆ ರಾಸಾಯನಿಕ ರಕ್ಷಾ ಉಡುಪು ಹೊಲಿದುಕೊಡುತ್ತಿದ್ದ ದೊಡ್ಡ ಸಂಸ್ಥೆಯೊಂದರಲ್ಲಿ ದುಡಿಯುವವರ ಪೈಕಿ ಹೆಚ್ಚಿನವರಿಗೆ ತೀವ್ರ ವೈಕಲ್ಯವೇ ಇರಲಿಲ್ಲ ಎಂಬುದು 2006ರಲ್ಲಿ ಬಯಲಾಯಿತು. ಅದರ ಮುಖ್ಯಸ್ಥನಿಗೆ ಮುಂದೆ ಸೆರೆವಾಸವಾಯಿತು. ಹತ್ತು ವರ್ಷದ ಮೇಲೆ, ರಕ್ಷಣಾ ಇಲಾಖೆಯ ಗುತ್ತಿಗೆಗಳ ಮೇಲೆ ಕಣ್ಣಿಡಲೆಂದೇ ಸಂಸತ್ತು 2017ರ ರಕ್ಷಣಾ ಆಯವ್ಯಯ ಕಾಯ್ದೆಯ 898ನೆಯ ಸೆಕ್ಷನ್ ಮೂಲಕ ಒಂದು ತಜ್ಞ ಮಂಡಳಿಯನ್ನು ನೇಮಿಸಿತು. ಈ ಕಾರ್ಯಕ್ರಮದಲ್ಲಿ ಅತಿ ಹೆಚ್ಚು ಕೊಳ್ಳುವುದು ಆ ಇಲಾಖೆಯೇ.

ಕೂಲಿಯ ಜಗಳ ಮಾತ್ರ ಒಂದು ಘಟ್ಟ ಮುಟ್ಟಿದೆ. 2014ರ ಫೆಬ್ರುವರಿಯಲ್ಲಿ ಅಧ್ಯಕ್ಷ ಒಬಾಮ ಸರ್ಕಾರಿ ಗುತ್ತಿಗೆಯ ಕೆಲಸಗಾರರಿಗೆ ಗಂಟೆಗೆ 10.10 ಡಾಲರ್ ಕನಿಷ್ಠ ಕೂಲಿ ನಿಗದಿ ಮಾಡಿದಾಗ, ವಿಕಲಚೇತನರ ಸಂಘಟನೆಗಳ ಒತ್ತಾಯಕ್ಕೆ ಓಗೊಟ್ಟು ವಿಶೇಷ ಪರವಾನಗಿಯಡಿ ದುಡಿಯುವವರನ್ನೂ ಅದರಲ್ಲಿ ಸೇರಿಸಿದರು. 2022ರಲ್ಲಿ ಆಯೋಗ ಇನ್ನೊಂದು ಹೆಜ್ಜೆ ಮುಂದಿಟ್ಟು, ತನ್ನ ಗುತ್ತಿಗೆಗಳಲ್ಲಿ ಕನಿಷ್ಠಕ್ಕಿಂತ ಕಡಿಮೆ ಕೂಲಿ ಕೊಡುವುದನ್ನೇ ನಿಷೇಧಿಸಿತು. ಆ ವರ್ಷದ ಅಕ್ಟೋಬರಿನಿಂದ ನಿಯಮ ಜಾರಿಗೆ ಬಂತು. ಗುತ್ತಿಗೆಗಳ ಹೊರಗೆ 14ನೆಯ ಸೆಕ್ಷನ್ ಇನ್ನೂ ಉಳಿದಿದೆ. ಆದರೆ 2001ರ ಸರ್ಕಾರಿ ಲೆಕ್ಕದಲ್ಲಿ 4,24,000 ಇದ್ದ ಅಂಥ ಕೆಲಸಗಾರರ ಸಂಖ್ಯೆ 2024ರ ಹೊತ್ತಿಗೆ ಸುಮಾರು 40,000ಕ್ಕೆ ಇಳಿದಿತ್ತು.

ಮೀಸಲು ಎರಡಾದರೆ ಯಾರದು ಮೊದಲು? ಈ ಪ್ರಶ್ನೆ ಕನ್ನಡಕದ ರೂಪದಲ್ಲಿ ನ್ಯಾಯಾಲಯಕ್ಕೆ ಹೋಯಿತು. ವಿನ್‌ಸ್ಟನ್-ಸೇಲಂನ ಅಂಧರ ಸಂಸ್ಥೆ ನಿವೃತ್ತ ಯೋಧರ ಇಲಾಖೆಗೆ ಕನ್ನಡಕ ಒದಗಿಸುತ್ತಿತ್ತು. ಮಾಜಿ ಯೋಧರ ಒಡೆತನದ ಸಣ್ಣ ಕಂಪನಿ ‘ಪಿಡಿಎಸ್ ಕನ್ಸಲ್ಟೆಂಟ್ಸ್’, ಆ ಇಲಾಖೆಯಲ್ಲಿ ಮೊದಲ ಹಕ್ಕು ತಮ್ಮಂಥವರದು ಎಂದು ದಾವೆ ಹೂಡಿತು. 2018ರ ಅಕ್ಟೋಬರಿನಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಯೋಧರ ಪರ ತೀರ್ಪಿತ್ತಿತು. ಯುದ್ಧದಲ್ಲಿ ಅಂಗ ಊನವಾದ ಯೋಧ ಒಂದು ಕಡೆ, ಹುಟ್ಟು ಅಂಧ ಕಾರ್ಮಿಕ ಇನ್ನೊಂದು ಕಡೆ; ಇಬ್ಬರಿಗೂ ನ್ಯಾಯ ಬೇಕಾದ ಕಡೆ ಒಂದೇ ಗುತ್ತಿಗೆ ಇತ್ತು. 2006ರ ಡಿಸೆಂಬರಿಗೆ ಮುಂಚೆಯೇ ಖರೀದಿ ಪಟ್ಟಿಯಲ್ಲಿದ್ದ ಸರಕು, ಸೇವೆಗಳಿಗಷ್ಟೇ 2020ರ ಕಾಯ್ದೆಯೊಂದು ರಕ್ಷಣೆ ಕೊಟ್ಟಿತು.

ಅಮೆರಿಕದಲ್ಲೇ ಇನ್ನೊಂದು ದಾರಿಯೂ ಇದೆ, ಅದು ಕಡಿಮೆ ಸುದ್ದಿಯಲ್ಲಿದೆ. 1973ರ ಪುನರ್ವಸತಿ ಕಾಯ್ದೆಯ 503ನೆಯ ಸೆಕ್ಷನ್ ಪ್ರಕಾರ, ಸರ್ಕಾರಕ್ಕೆ ಸರಕು ಸೇವೆ ಮಾರುವ ಸಾಮಾನ್ಯ ಕಂಪನಿಗಳೇ ವಿಕಲಚೇತನರನ್ನು ಹುಡುಕಿ ನೇಮಿಸಿಕೊಳ್ಳಲು ಕ್ರಮ ಕೈಗೊಳ್ಳಬೇಕು. 2013ರ ನಿಯಮ ಇದಕ್ಕೆ ಶೇ. 7ರ ಗುರಿ ಇಟ್ಟಿತು. ಬೇರೆ ಮಾಡಿ ಕೆಲಸ ಕೊಡುವುದರ ಬದಲು ಎಲ್ಲರ ನಡುವೆಯೇ ಜಾಗ ಮಾಡುವ ವಿಧಾನವಿದು. ಮುಂದೊಂದು ದಿನ ಇದೇ ಹೆದ್ದಾರಿಯಾಗಬೇಕು ಎಂಬುದು ಈ ಲೇಖನದ ಅಭಿಪ್ರಾಯ.

ಬ್ರಿಟನ್ ಇದೇ ಪ್ರಶ್ನೆಗೆ ಕಠಿಣವಾದ ಉತ್ತರ ಕಂಡುಕೊಂಡಿತು. 1944ರ ಕಾಯ್ದೆಯ ಆಧಾರದಲ್ಲಿ ಹುಟ್ಟಿದ ಸರ್ಕಾರಿ ಕಂಪನಿ ‘ರೆಂಪ್ಲಾಯ್’ ತನ್ನ ಮೊದಲ ಕಾರ್ಖಾನೆಯನ್ನು 1946ರಲ್ಲಿ ವೇಲ್ಸ್‌ನ ಬ್ರಿಜೆಂಡ್‌ನಲ್ಲಿ ತೆರೆಯಿತು. ಗಣಿಯಲ್ಲಿ ಗಾಯಗೊಂಡವರಿಗೆ, ಯುದ್ಧದಿಂದ ಮರಳಿದವರಿಗೆ ಅದು ಕೆಲಸ ಕೊಟ್ಟಿತು. 2011ರಲ್ಲಿ ಲಿಜ್ ಸೇಸ್ ಅವರ ವರದಿ, ಈ ಹಣವನ್ನು ಕಾರ್ಖಾನೆಗಳಿಗೆ ಸುರಿಯದೆ ಸಾಮಾನ್ಯ ಉದ್ಯೋಗ ಮಾಡುವ ವಿಕಲಚೇತನರ ನೆರವಿಗೆ ಬಳಸಬೇಕೆಂದು ಶಿಫಾರಸು ಮಾಡಿತು. 2012–13ರಲ್ಲಿ ಉಳಿದ ಕಾರ್ಖಾನೆಗಳು ಮುಚ್ಚಿದವು. ತತ್ವ ಸರಿಯಿರಬಹುದು, ಆದರೆ ದೇಶ ಆರ್ಥಿಕ ಕುಸಿತದಲ್ಲಿದ್ದಾಗ ಕೆಲಸ ಕಳೆದುಕೊಂಡು ಬೀದಿಯಲ್ಲಿ ಪ್ರತಿಭಟಿಸಿದ ಕಾರ್ಮಿಕರಿಗೆ ಆ ತತ್ವದಿಂದ ಸಮಾಧಾನ ಸಿಗಲಿಲ್ಲ.

ಐರೋಪ್ಯ ಒಕ್ಕೂಟದ 2014ರ ಖರೀದಿ ನಿರ್ದೇಶನ, ಕೆಲಸಗಾರರಲ್ಲಿ ಶೇ. 30ರಷ್ಟು ವಿಕಲಚೇತನರು ಅಥವಾ ಅವಕಾಶವಂಚಿತರಿರುವ ಸಂಸ್ಥೆಗಳಿಗೆ ಗುತ್ತಿಗೆ ಮೀಸಲಿಡಲು ಅನುಮತಿಸುತ್ತದೆ. ಅದಕ್ಕೂ ಮೊದಲಿನ ನಿಯಮ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಕೇಳುತ್ತಿತ್ತು. ಅಮೆರಿಕದ 75ರ ಪಕ್ಕದಲ್ಲಿಟ್ಟರೆ ಈ 30ರ ಅರ್ಥ ತಿಳಿಯುತ್ತದೆ: ಬೆರೆತು ದುಡಿಯುವ ಸಂಸ್ಥೆಗೂ ಇಲ್ಲಿ ಮೀಸಲು ದಕ್ಕುತ್ತದೆ. ದಕ್ಷಿಣ ಕೊರಿಯಾ 2008ರಲ್ಲಿ ವಿಶೇಷ ಕಾಯ್ದೆ ತಂದು, ಸಾರ್ವಜನಿಕ ಸಂಸ್ಥೆಗಳು ಒಟ್ಟು ಖರೀದಿಯ ಶೇ. 1ರಷ್ಟನ್ನು ತೀವ್ರ ವೈಕಲ್ಯವುಳ್ಳವರ ಉತ್ಪನ್ನಗಳಿಗೆ ಮುಡಿಪಿಡಬೇಕೆಂದಿತು. ಜಪಾನಿನಲ್ಲಿ ಇಂಥದೇ ಕಾಯ್ದೆ 2013ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

ಭಾರತ ಹಿಡಿದದ್ದು ಹುದ್ದೆಗಳ ಮೀಸಲಿನ ದಾರಿ. 1995ರ ಕಾಯ್ದೆ ಸರ್ಕಾರಿ ಉದ್ಯೋಗದಲ್ಲಿ ಶೇ. 3ರಷ್ಟು, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಶೇ. 4ರಷ್ಟು ಮೀಸಲು ಕೊಟ್ಟವು. ಖಾಸಗಿ ಕಂಪನಿಗಳಲ್ಲಿ ಕನಿಷ್ಠ ಶೇ. 5ರಷ್ಟು ವಿಕಲಚೇತನರು ಇರುವಂತೆ ಸರ್ಕಾರ ಉತ್ತೇಜನ ನೀಡಬೇಕೆಂದು 2016ರ ಕಾಯ್ದೆಯ 35ನೆಯ ಸೆಕ್ಷನ್ ಹೇಳುತ್ತದೆ. ನಮ್ಮ ಹಳೆಯ ಸರ್ಕಾರಿ ಕಚೇರಿಗಳ ಬೆತ್ತದ ಕುರ್ಚಿಗಳನ್ನು ಹೆಣೆಯುವ ಕೆಲಸವೂ ಅಂಧರಿಗೆಂದು ಗುರುತಿಸಿದ ಹುದ್ದೆಗಳಲ್ಲಿ ಸೇರಿತ್ತು. ಆದರೆ ಸರ್ಕಾರಿ ಹುದ್ದೆಗಳು ಎಷ್ಟೇ ಇದ್ದರೂ ಕೆಲವೇ. 2011ರ ಜನಗಣತಿ ಭಾರತದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರನ್ನು ಎಣಿಸಿತು. ದೇಶದಲ್ಲಿ ಅವರ ಪೈಕಿ ದುಡಿಮೆಯಲ್ಲಿದ್ದವರು ಶೇ. 36ರಷ್ಟು ಮಾತ್ರ.

ಖರೀದಿಯ ಮೂಲಕ ಉದ್ಯೋಗ ಕೊಡುವುದು ಭಾರತಕ್ಕೆ ಹೊಸದಲ್ಲ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳ 153ನೆಯ ನಿಯಮ ಖಾದಿ ಬಟ್ಟೆಯ ಖರೀದಿಯನ್ನು ಖಾದಿ ಆಯೋಗಕ್ಕೆ ಮೀಸಲಿಡುತ್ತದೆ. ಸರ್ಕಾರಿ ಕಟ್ಟಡಗಳ ಮೇಲೆ ಹಾರುವ ಖಾದಿ ಧ್ವಜವನ್ನು ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೊಲಿಯುವ ಹೆಣ್ಣುಮಕ್ಕಳ ಜೀವನ ನಡೆಯುವುದೂ ಇಂಥ ಖರೀದಿಯಿಂದಲೇ. ಕಿರು ಮತ್ತು ಸಣ್ಣ ಉದ್ದಿಮೆಗಳ ಖರೀದಿ ನೀತಿ, ಕೇಂದ್ರದ ಇಲಾಖೆಗಳು ಹಾಗೂ ಉದ್ಯಮಗಳು ವರ್ಷದ ಖರೀದಿಯ ಶೇ. 25ರಷ್ಟನ್ನು ಅಂಥ ಘಟಕಗಳಿಂದ ಮಾಡಬೇಕೆನ್ನುತ್ತದೆ. ಅದರೊಳಗೆ ಪರಿಶಿಷ್ಟ ಜಾತಿ ಮತ್ತು ಪಂಗಡದ ಉದ್ಯಮಿಗಳಿಗೆ ಶೇ. 4, ಮಹಿಳೆಯರಿಗೆ ಶೇ. 3 ಗೊತ್ತುಪಡಿಸಿದೆ. ಯಾವುದೇ ವರ್ಗದ ಪೂರೈಕೆದಾರರಿಂದ ಕಡ್ಡಾಯವಾಗಿ ಕೊಳ್ಳುವಂತೆ ಅಧಿಸೂಚನೆ ಹೊರಡಿಸುವ ಅಧಿಕಾರ ಅದೇ 153ನೆಯ ನಿಯಮದಲ್ಲಿ ಕೇಂದ್ರ ಸರ್ಕಾರಕ್ಕಿದೆ. ವಿಕಲಚೇತನರ ಘಟಕಗಳಿಗೆ ಅದನ್ನು ಬಳಸಬೇಕೆನ್ನುವವರು ಮೊದಲು ತೀರ್ಮಾನಿಸಬೇಕಾದದ್ದು, ಅಲ್ಲಿ ಏನನ್ನು ಎಣಿಸಬೇಕು ಎಂಬುದನ್ನು: ದುಡಿದ ಗಂಟೆಗಳನ್ನೇ, ಕೈಗೆ ಬಂದ ಕೂಲಿಯನ್ನೇ, ಇಲ್ಲವೇ ಅಲ್ಲಿ ಪಳಗಿ ಮೇಲಿನ ಕೆಲಸಕ್ಕೆ ಹೋದವರನ್ನೇ.